ಊರಿನ ಆರೋಗ್ಯಕ್ಕಾಗಿ ಹಣ ಕೇಳುವ ಶಾಸ್ತ್ರ

ಮೈಸೂರಿನ ಮಂಡಿ ಮೊಹಲ್ಲದಲ್ಲಿ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಎಂಬುದೊಂದುಂಟು. ಊರ ಜನರಿಗೆ ಅದು ‘ಮಿಷನ್ ಆಸ್ಪತ್ರೆ’. 1906ರಲ್ಲಿ ಪ್ರಾರಂಭವಾದ ಈ ಆಸ್ಪತ್ರೆಯಲ್ಲಿ 1934ರಿಂದ ಒಂದು ಒಳ್ಳೆಯ ಪದ್ಧತಿ ನಡೆದುಬಂದಿತು. ಹೆರಿಗೆಯಾದೊಡನೆ ಮಗುವನ್ನು ತೂಗಿ, ಅದರ ಉದ್ದವನ್ನೂ ತಲೆಯ ಸುತ್ತಳತೆಯನ್ನೂ ಅಳೆದು, ದಾಖಲೆಯ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಬರೆದವರಿಗೆ ಅದು ದಿನನಿತ್ಯದ ಕೆಲಸಗಳಲ್ಲಿ ಒಂದಾಗಿದ್ದಿರಬೇಕು. ಆದರೆ ಆ ಪುಸ್ತಕಗಳನ್ನು ಗೆದ್ದಲಿಗೆ ಬಿಡದೆ, ರದ್ದಿಗೆ ಹಾಕದೆ ಕಾಪಾಡಿಕೊಂಡು ಬಂದರೆಂಬುದೇ ವಿಶೇಷ.

ಅರ್ಧ ಶತಮಾನವು ಕಳೆದ ಮೇಲೆ ಆ ಪುಟಗಳಿಗೆ ಬೆಲೆ ಬಂದಿತು. ತಾಯಿಯ ಗರ್ಭದಲ್ಲಿ ಸರಿಯಾದ ಪೋಷಣೆ ದೊರೆಯದ ಮಗುವು ಮುಂದೆ ದೊಡ್ಡದಾದಾಗ ಹೃದ್ರೋಗಕ್ಕೆ ತುತ್ತಾಗುವ ಸಂಭವ ಹೆಚ್ಚೆಂಬ ಅಭಿಪ್ರಾಯವು ಇಂಗ್ಲೆಂಡಿನ ವಿಜ್ಞಾನಿಗಳಲ್ಲಿ ಮೂಡಿದ್ದಿತು. ಇದು ನಮ್ಮ ದೇಶದಲ್ಲಿಯೂ ನಿಜವೇ? ಉತ್ತರಕ್ಕಾಗಿ ಸೌತಾಂಪ್ಟನ್ನಿನ ಸಂಶೋಧಕರೂ ಈ ಆಸ್ಪತ್ರೆಯವರೂ ಕೂಡಿ, 1934ರಿಂದ 1954ರವರೆಗೆ ಅಲ್ಲಿ ಹುಟ್ಟಿದವರಲ್ಲಿ 517 ಮಂದಿ ಸ್ತ್ರೀಪುರುಷರನ್ನು ಹುಡುಕಿ ಪರೀಕ್ಷಿಸಿದರು. ಹುಟ್ಟಿದಾಗ ಎರಡೂವರೆ ಕಿಲೋಗ್ರಾಮ್ ಅಥವಾ ಅದಕ್ಕಿಂತ ಕಡಮೆ ತೂಗಿದ್ದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳಗಳ ರೋಗವಿದ್ದಿತು; 3.1 ಕಿಲೋಗ್ರಾಮ್ ಅಥವಾ ಹೆಚ್ಚು ತೂಗಿದ್ದವರಲ್ಲಿ ನೂರಕ್ಕೆ 3 ಮಂದಿಗೆ ಮಾತ್ರ. 1996ರಲ್ಲಿ ಈ ಫಲಿತಾಂಶವು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರ ಬೆನ್ನಿಗೇ 1997–98ರಲ್ಲಿ ಅದೇ ಆಸ್ಪತ್ರೆಯಲ್ಲಿ 830 ಮಂದಿ ಗರ್ಭಿಣಿಯರನ್ನು ಸೇರಿಸಿಕೊಂಡು ಇನ್ನೊಂದು ದೀರ್ಘ ಅಧ್ಯಯನವು ಆರಂಭವಾಯಿತು. ಅದರ ಹೆಸರು ‘ಪಾರ್ಥೆನಾನ್ ಅಧ್ಯಯನ’. ಗ್ರೀಸಿನ ದೇವಾಲಯಕ್ಕೂ ಮೈಸೂರಿನ ಬಸುರಿಯರಿಗೂ ಏನು ನಂಟೆಂದು ವಾಚಕರು ಬೆರಗಾಗಬೇಕಿಲ್ಲ. ಹಣವನ್ನು ಕೊಟ್ಟ ಸಂಸ್ಥೆಗಳಲ್ಲಿ ಒಂದಕ್ಕೆ ಪಾರ್ಥೆನಾನ್ ಟ್ರಸ್ಟ್ ಎಂದು ಹೆಸರು, ಅಷ್ಟೆ.

ಹಣವು ಸಂಶೋಧನೆಗೆ ತನ್ನ ಹೆಸರನ್ನೇ ಕೊಟ್ಟ ಈ ಪ್ರಸಂಗದಲ್ಲಿ ನಮಗೆಲ್ಲ ಒಂದು ಪಾಠವಿದೆ. ಊರಿನ ಆರೋಗ್ಯಕ್ಕಾಗಿ ಏನಾದರೂ ಮಾಡಬೇಕೆಂದು ಬಯಸುವವರು ಅನೇಕರು. ಅದಕ್ಕೆ ಬೇಕಾದ ಹಣವನ್ನು ಯಾರಲ್ಲಿ, ಹೇಗೆ, ಯಾವ ಆಧಾರದ ಮೇಲೆ ಕೇಳಬೇಕೆಂಬುದನ್ನು ಅರಿತವರು ಕೆಲವರು. ಕೇಳುವುದೂ ಒಂದು ಶಾಸ್ತ್ರ. ಅದರಲ್ಲಿ ಗಣಿತವಿದೆ, ಜೀವವಿಜ್ಞಾನವಿದೆ, ಎಲ್ಲಕ್ಕಿಂತ ಹೆಚ್ಚಾಗಿ ಪ್ರಾಮಾಣಿಕತೆಯಿದೆ.

ಅನುದಾನವೆಂದರೇನು?

ಸಾಲವನ್ನು ಹಿಂದಿರುಗಿಸಬೇಕು, ದಾನವನ್ನು ಹಿಂದಿರುಗಿಸಬೇಕಾಗಿಲ್ಲ, ಲೆಕ್ಕವನ್ನು ಒಪ್ಪಿಸಬೇಕೆಂಬ ಕಟ್ಟೂ ಸಾಮಾನ್ಯವಾಗಿ ಇರುವುದಿಲ್ಲ. ಅನುದಾನವು ಇವೆರಡರ ನಡುವಿನದು. ಹಣವನ್ನು ಹಿಂದಿರುಗಿಸಬೇಕಾಗಿಲ್ಲ, ಆದರೆ ಇಂಥ ಕೆಲಸವನ್ನು, ಇಷ್ಟು ಕಾಲದಲ್ಲಿ, ಇಷ್ಟು ವೆಚ್ಚದಲ್ಲಿ ಮಾಡುವೆವೆಂದು ಕೊಟ್ಟ ಮಾತನ್ನು ಉಳಿಸಿಕೊಳ್ಳಬೇಕು. ಆ ಮಾತಿನ ಬರಹರೂಪವೇ ಅರ್ಜಿ. ಒಳ್ಳೆಯ ಅರ್ಜಿಯು ಐದು ಪ್ರಶ್ನೆಗಳಿಗೆ ಉತ್ತರ ಹೇಳುತ್ತದೆ: ತೊಂದರೆ ಏನು, ಎಷ್ಟು? ಅದಕ್ಕೆ ಕಾರಣವೇನು? ನಾವು ಮಾಡುವುದೇನು? ಅದು ಫಲಿಸಿತೆಂದು ತಿಳಿಯುವುದು ಹೇಗೆ? ಹಣವು ತೀರಿದ ಮೇಲೆ ಗತಿಯೇನು? ಇವುಗಳಲ್ಲಿ ಮೊದಲನೆಯದು ಸುಲಭವೆಂದು ತೋರುತ್ತದೆ. ಹೆಚ್ಚಿನ ಅರ್ಜಿಗಳು ಎಡವುವುದು ಅಲ್ಲಿಯೇ.

ಅಳತೆಯೇ ಆಧಾರ

“ನಮ್ಮ ಸೀಮೆಯಲ್ಲಿ ಚಳಿಜ್ವರ ವಿಪರೀತ” ಎಂದರೆ ಅದು ಗೋಳಾಯಿತೇ ಹೊರತು ಆಧಾರವಾಗಲಿಲ್ಲ. ಎಷ್ಟು ವಿಪರೀತ? ಪಕ್ಕದ ಸೀಮೆಗಿಂತ ಹೆಚ್ಚೇ? ಈ ಪ್ರಶ್ನೆಗೆ ರಕ್ತಪರೀಕ್ಷೆಯ ಸಾಧನವಿಲ್ಲದ ಕಾಲದಲ್ಲಿಯೇ ಒಂದು ಸೊಗಸಾದ ಉತ್ತರ ದೊರೆಯಿತು, ಅದೂ ನಮ್ಮ ದೇಶದಲ್ಲಿಯೇ. ಮಲೇರಿಯಾದ ಪರೋಪಜೀವಿಗಳು ರಕ್ತದ ಕೆಂಪುಕಣಗಳನ್ನು ಹಾಳುಮಾಡುತ್ತವೆ. ಹಾಗೆ ಕೆಟ್ಟ ಕಣಗಳನ್ನು ಸೋಸಿ ತೆಗೆಯುವ ಅಂಗ ಗುಲ್ಮ. ಜ್ವರವು ಮರುಕಳಿಸಿದಂತೆಲ್ಲ ಈ ಅಂಗವು ಊದಿಕೊಂಡು ಎಡಪಕ್ಕೆಯ ಕೆಳಗೆ ಬೆರಳಿಗೆ ಸಿಕ್ಕುವಷ್ಟು ದೊಡ್ಡದಾಗುತ್ತದೆ. ಉತ್ತರ ಭಾರತದ ಯಮುನಾ ಕಾಲುವೆಗಳ ದಡದ ಹಳ್ಳಿಗಳಲ್ಲಿ ಡೆಂಪ್‌ಸ್ಟರ್ ಎಂಬ ವೈದ್ಯನು ಜನರ ಹೊಟ್ಟೆಯನ್ನು ಮುಟ್ಟಿ ನೋಡಿ, ನೂರಕ್ಕೆ ಎಷ್ಟು ಮಂದಿಗೆ ಗುಲ್ಮವು ಬೆಳೆದಿದೆಯೆಂದು ಎಣಿಸಿದನು. ಅದರ ವರದಿಯು 1847ರಲ್ಲಿ ಸಿದ್ಧವಾಯಿತು. ಮುಂದೆ 1950ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪರಿಣತರು ಇದೇ ಅಳತೆಯಿಂದ ಊರುಗಳನ್ನು ವಿಂಗಡಿಸಿದರು. ಮಕ್ಕಳಲ್ಲಿ ನೂರಕ್ಕೆ ಹತ್ತರವರೆಗೆ ಮಾತ್ರ ಗುಲ್ಮವು ಬೆಳೆದಿದ್ದರೆ ರೋಗದ ಹಾವಳಿ ಅಲ್ಪ. ಐವತ್ತನ್ನು ಮೀರಿದರೆ ಪ್ರಬಲ.

ಮೈಸೂರು ಸಂಸ್ಥಾನದ ಕಥೆಯೂ ಇಂಥದೇ. ಕನ್ನಂಬಾಡಿಯ ಕಟ್ಟೆಯಿಂದ ಕಾಲುವೆಗಳು ಹರಿದ ಕಡೆ ಭತ್ತವೂ ಕಬ್ಬೂ ಬೆಳೆದವು. ನೀರು ನಿಂತೆಡೆ ಸೊಳ್ಳೆಯೂ ಬೆಳೆಯಿತು. ಮಲೆನಾಡಿನ ಮಲೇರಿಯಾ ಬೇರೆ, ಬಯಲಿನ ಮಲೇರಿಯಾ ಬೇರೆ. ಆ ಕಾಲದಲ್ಲಿ ಸಂಸ್ಥಾನದ ಸರ್ಕಾರವು ಅಮೆರಿಕದ ರಾಕ್‌ಫೆಲರ್ ಫೌಂಡೇಷನ್ನಿನ ನೆರವನ್ನು ಪಡೆಯಿತು. ಅದರ ತಜ್ಞರಾದ ಡಾ. ಡಬ್ಲ್ಯು. ಸಿ. ಸ್ವೀಟರೂ ಇಲ್ಲಿಯವರಾದ ಡಾ. ಬಿ. ಎ. ರಾಯರೂ ಕೂಡಿ ಸೊಳ್ಳೆಗಳ ಅಭ್ಯಾಸಕ್ಕೆ ತೊಡಗಿದರು. ಸೊಳ್ಳೆಯೆಂದರೆ ಎಲ್ಲವೂ ಒಂದೇ ಅಲ್ಲ. ಯಾವ ಜಾತಿಯದು ರೋಗವನ್ನು ಹರಡುತ್ತದೆ, ಅದು ಎಲ್ಲಿ ಮೊಟ್ಟೆಯಿಡುತ್ತದೆ ಎಂಬುದನ್ನು ಅರಿಯದೆ ಊರಿನ ನೀರಿಗೆಲ್ಲ ಮದ್ದು ಚೆಲ್ಲಿದರೆ ಹಣವು ನೀರುಪಾಲು. ಈ ಅಭ್ಯಾಸದಿಂದ ಅನಾಫಿಲೀಸ್ ಸ್ಟೀಫನ್ಸೈ ಎಂಬ ಸೊಳ್ಳೆಯಲ್ಲಿಯೇ ಮೊಟ್ಟೆಯ ರಚನೆಯಿಂದ ಬೇರೆಯೆಂದು ಗುರುತಿಸಬಹುದಾದ ಒಂದು ಉಪಭೇದವು ಪತ್ತೆಯಾಯಿತು. 1937ರಲ್ಲಿ ಸ್ವೀಟ್ ಮತ್ತು ರಾಯರು ಅದಕ್ಕೆ ‘ಮೈಸೋರೆನ್ಸಿಸ್’ ಎಂದು ನಾಮಕರಣ ಮಾಡಿದರು. ಪ್ರಪಂಚದ ಕೀಟಶಾಸ್ತ್ರದ ಪುಸ್ತಕಗಳಲ್ಲಿ ಇಂದಿಗೂ ಮೈಸೂರಿನ ಹೆಸರನ್ನು ಒಂದು ಸೊಳ್ಳೆಯು ಹೊತ್ತು ನಿಂತಿದೆ.

ಯಾವುದನ್ನು ಅಳೆಯಬೇಕು?

ಅಳೆಯಬೇಕೆಂದು ಒಪ್ಪಿದ ಮೇಲೆ ಇನ್ನೊಂದು ತೊಡಕು ಎದುರಾಗುತ್ತದೆ. ತಪ್ಪು ಅಳತೆಯನ್ನು ಆರಿಸಿಕೊಂಡರೆ ಒಳ್ಳೆಯ ಕೆಲಸವೂ ಸೋತಂತೆ ಕಾಣುತ್ತದೆ. ಇದಕ್ಕೆ ಮೈಸೂರು ನಗರದಲ್ಲಿಯೇ ನಡೆದ ಒಂದು ನಿದರ್ಶನವನ್ನು ಕೊಡುವೆವು.

2004ರಲ್ಲಿ ಇಲ್ಲಿಯ ಲೈಂಗಿಕ ವೃತ್ತಿಯ ಮಹಿಳೆಯರಲ್ಲಿ ಎಚ್‌ಐವಿ ಸೋಂಕನ್ನು ತಡೆಯುವ ಕಾರ್ಯಕ್ರಮವೊಂದು ಆರಂಭವಾಯಿತು. ಹಣವು ಗೇಟ್ಸ್ ಫೌಂಡೇಷನ್ನಿನ ‘ಆವಾಹನ್’ ಯೋಜನೆಯಿಂದ ಬಂದಿತು. ಆ ಮಹಿಳೆಯರೇ ಊರಿನ ನಕ್ಷೆಯನ್ನು ತಯಾರಿಸಿದರು, ತಮ್ಮ ಸಂಗಡಿಗರಿಗೆ ತಿಳಿವಳಿಕೆ ಹೇಳಿದರು, ಚಿಕಿತ್ಸಾಲಯಕ್ಕೆ ಕರೆತಂದರು. ಮುಂದೆ ‘ಅಶೋದಯ ಸಮಿತಿ’ ಎಂಬ ತಮ್ಮದೇ ಸಂಘವನ್ನು ಕಟ್ಟಿಕೊಂಡರು. 2004ರಲ್ಲೊಮ್ಮೆ, 2006ರಲ್ಲೊಮ್ಮೆ ಪ್ರತಿ ಸಲವೂ ನಾನೂರಕ್ಕೂ ಹೆಚ್ಚು ಮಂದಿಯನ್ನು ಪರೀಕ್ಷಿಸಲಾಯಿತು. ಎಚ್‌ಐವಿ ಸೋಂಕಿದ್ದವರು ಮೊದಲು ನೂರಕ್ಕೆ 26. ಎರಡನೆಯ ಸಲ 24. ಈ ಒಂದು ಅಂಕಿಯನ್ನೇ ನೋಡಿದವನು “ಎರಡು ವರ್ಷದ ಹಣ ದಂಡವಾಯಿತು” ಎನ್ನುತ್ತಾನೆ. ಆದರೆ ಸಿಫಿಲಿಸ್ 25ರಿಂದ 12ಕ್ಕೆ ಇಳಿದಿದ್ದಿತು.

ಒಂದೇ ಬಗೆಯಾಗಿ ಹರಡುವ ಎರಡು ರೋಗಗಳಲ್ಲಿ ಒಂದು ಇಳಿದು ಇನ್ನೊಂದು ನಿಂತಲ್ಲಿಯೇ ನಿಂತುದು ಏಕೆ? ಸಿಫಿಲಿಸ್ ಪೆನಿಸಿಲಿನ್ನಿನಿಂದ ಗುಣವಾಗುತ್ತದೆ. ಗುಣಹೊಂದಿದವರು ಮತ್ತೆ ಸೋಂಕದಿದ್ದರೆ ಲೆಕ್ಕವು ಬೇಗ ಇಳಿಯುತ್ತದೆ. ಎಚ್‌ಐವಿ ಒಮ್ಮೆ ಸೇರಿತೆಂದರೆ ದೇಹದಲ್ಲಿಯೇ ಉಳಿಯುತ್ತದೆ; ಹೊಸಬರಿಗೆ ಸೋಂಕುವುದು ಬಹುಮಟ್ಟಿಗೆ ನಿಂತರೂ ಹಳಬರು ಲೆಕ್ಕದಲ್ಲಿ ಇದ್ದೇ ಇರುತ್ತಾರೆ. ತೊಟ್ಟಿಗೆ ಬೀಳುವ ನಲ್ಲಿಯನ್ನು ನಿಲ್ಲಿಸಿದೊಡನೆ ತೊಟ್ಟಿ ಬರಿದಾಗುವುದಿಲ್ಲವಷ್ಟೆ. ಆದುದರಿಂದ ಮೊದಲ ವರ್ಷಗಳಲ್ಲಿ ಬದಲಾವಣೆಯನ್ನು ತೋರಬಲ್ಲ ಅಳತೆ ಯಾವುದು, ಹತ್ತು ವರ್ಷಕ್ಕೆ ತೋರುವುದು ಯಾವುದು ಎಂಬುದನ್ನು ಅರ್ಜಿಯಲ್ಲಿಯೇ ಬೇರ್ಪಡಿಸಿ ಹೇಳುವುದು ಜಾಣತನ. ಕೆಲಸ ಮುಗಿದ ಮೇಲೆ ಅನುಕೂಲವಾದ ಅಂಕಿಯನ್ನು ಆರಿಸಿ ತೋರಿಸುವುದು ಜಾಣತನವಲ್ಲ, ಮೋಸ.

ಒಂದು ಕಲ್ಪಿತ ಅರ್ಜಿ

ವಿದ್ಯಾರ್ಥಿಮಿತ್ರರಿಗೆ ವಿಷಯವು ಚೆನ್ನಾಗಿ ಮನದಟ್ಟಾಗಲೆಂದು ಈಗ ಒಂದು ಅರ್ಜಿಯನ್ನು ಕಲ್ಪಿಸಿಕೊಳ್ಳೋಣ. ಮೈಸೂರಿನ ಕಾಲೇಜೊಂದರ ವಿದ್ಯಾರ್ಥಿಗಳು ಹುಣಸೂರಿನ ಕಡೆಯ ಒಂದು ಹೋಬಳಿಯಲ್ಲಿ ಹದಿಹರೆಯದ ಹೆಣ್ಣುಮಕ್ಕಳ ರಕ್ತಹೀನತೆಯನ್ನು ಕಡಮೆ ಮಾಡಬಯಸುತ್ತಾರೆ. ಅಂಥ ಹುಡುಗಿಯರು 2,000 ಮಂದಿ ಇದ್ದಾರೆಂದು ಇಟ್ಟುಕೊಳ್ಳೋಣ. ಕೇಳುವ ಹಣ 4 ಲಕ್ಷ ರೂಪಾಯಿ.

“ಕರ್ನಾಟಕದಲ್ಲಿ 15ರಿಂದ 49 ವರ್ಷದ ಸ್ತ್ರೀಯರಲ್ಲಿ ನೂರಕ್ಕೆ 47.8 ಮಂದಿಗೆ ರಕ್ತಹೀನತೆಯಿದೆ” ಎಂದು ಅವರು ಮೊದಲು ಬರೆಯುತ್ತಾರೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಈ ಅಂಕಿಯು ಸರಿಯೇ. ಆದರೆ ಅದು ರಾಜ್ಯದ ಅಂಕಿ, ಹೋಬಳಿಯದಲ್ಲ. ಆದುದರಿಂದ ಚೀಟಿಯೆತ್ತಿ ಆರಿಸಿದ 100 ಮಂದಿಯ ರಕ್ತವನ್ನು ಪರೀಕ್ಷಿಸುತ್ತಾರೆ. ಒಂದು ಡೆಸಿಲೀಟರ್ ರಕ್ತದಲ್ಲಿ ಹೀಮೋಗ್ಲೋಬಿನ್ 12 ಗ್ರಾಮಿಗಿಂತ ಕಡಮೆಯಿದ್ದರೆ ರಕ್ತಹೀನತೆ. 50 ಮಂದಿಯಲ್ಲಿ ಅದು ಕಂಡುಬಂದಿತು. ವರ್ಷದ ಕೊನೆಯಲ್ಲಿ ಮತ್ತೆ 100 ಮಂದಿಯನ್ನು ಆರಿಸಿ ನೋಡಿದಾಗ 44 ಬಂದಿತೆನ್ನಿ. ಗೆದ್ದೆವೆಂದು ಹಿಗ್ಗಬಹುದೇ?

ಹಿಗ್ಗಲಾಗದು. ನಾಣ್ಯವನ್ನು ನೂರು ಸಲ ಚಿಮ್ಮಿದರೆ ಪ್ರತಿ ಸಾರಿಯೂ ಸರಿಯಾಗಿ ಐವತ್ತು ತಲೆಯೇ ಬೀಳುವುದಿಲ್ಲ; ನಲವತ್ತನಾಲ್ಕೂ ಬೀಳಬಹುದು, ಐವತ್ತೈದೂ ಬೀಳಬಹುದು. ಆಯ್ಕೆಯ ಆಕಸ್ಮಿಕದಿಂದ ಬರುವ ಈ ತೂಗಾಟವನ್ನು ಗಣಿತವು ಅಳೆದುಕೊಡುತ್ತದೆ. ನೂರು ನೂರು ಮಂದಿಯ ಎರಡು ಪರೀಕ್ಷೆಗಳ ನಡುವೆ ಸುಮಾರು 14ರಷ್ಟು ಅಂತರವಿದ್ದರೆ ಮಾತ್ರ ಅದು ನಿಜವಾದ ಇಳಿತವೆಂದು ಧೈರ್ಯವಾಗಿ ಹೇಳಬಹುದು. ಆರರ ಅಂತರವು ಬರಿಯ ಅದೃಷ್ಟವಾಗಿರಬಹುದು. ಈ ತೂಗಾಟವನ್ನು ಅರ್ಧಕ್ಕೆ ಇಳಿಸಬೇಕಾದರೆ ಪರೀಕ್ಷಿಸುವವರ ಸಂಖ್ಯೆಯನ್ನು ಎರಡರಷ್ಟಲ್ಲ, ನಾಲ್ಕರಷ್ಟು ಮಾಡಬೇಕು. ಏಕೆಂದರೆ ಅದು ಸಂಖ್ಯೆಯ ವರ್ಗಮೂಲವನ್ನು ಅನುಸರಿಸುತ್ತದೆ. ಎರಡು ಸಲವೂ 400 ಮಂದಿಯನ್ನು ನೋಡಿದರೆ 7ರ ಅಂತರವೇ ಸಾಕು. ಒಟ್ಟು 800 ಪರೀಕ್ಷೆಗಳಾದವು. ಒಂದಕ್ಕೆ 50 ರೂಪಾಯಿ ಎಂದು ಹಿಡಿದರೆ 40,000 ರೂಪಾಯಿ, ಅಂದರೆ ಕೇಳಿದ ಹಣದಲ್ಲಿ ಹತ್ತನೆಯ ಒಂದು ಪಾಲು. “ಇಷ್ಟು ಹಣವನ್ನು ಎಣಿಕೆಗೆ ಸುರಿಯುವ ಬದಲು ಮಾತ್ರೆ ಹಂಚಬಾರದೇ?” ಎಂದು ಕೇಳುವವರಿಗೆ ಉತ್ತರವಿಷ್ಟೆ: ಎಣಿಸದಿದ್ದರೆ ಉಳಿದ ಒಂಬತ್ತು ಪಾಲೂ ಏನಾಯಿತೆಂದು ಯಾರಿಗೂ ತಿಳಿಯದು.

ಇಷ್ಟಾದರೂ ಒಂದು ಸಂಶಯ ಉಳಿಯುತ್ತದೆ. ಇಳಿದುದು ಇವರ ಕೆಲಸದಿಂದಲೋ ಅಥವಾ ಆ ವರ್ಷ ಎಲ್ಲೆಡೆಯೂ ಇಳಿಯಿತೋ? ಅದನ್ನು ಅರಿಯಲು ಕೆಲಸ ನಡೆಯದ ಪಕ್ಕದ ಹೋಬಳಿಯನ್ನೂ ಅದೇ ರೀತಿಯಲ್ಲಿ ಅಳೆಯಬೇಕು. ಅಲ್ಲಿ ಪರೀಕ್ಷೆ ಮಾಡಿ, ರಕ್ತಹೀನತೆ ಕಂಡ ಹುಡುಗಿಯನ್ನು ಹಾಗೆಯೇ ಬಿಟ್ಟುಬರುವುದು ಸರಿಯೇ? ಸರಿಯಲ್ಲ, ಅವಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸುವ ಏರ್ಪಾಡೂ ಅರ್ಜಿಯಲ್ಲಿರಬೇಕು. ಮನುಷ್ಯರ ಮೇಲೆ ನಡೆಸುವ ಪ್ರತಿಯೊಂದು ಅಧ್ಯಯನವನ್ನೂ ನೈತಿಕ ಪರಿಶೀಲನಾ ಸಮಿತಿಯು ಮೊದಲು ನೋಡಬೇಕೆಂಬ ನಿಯಮವು ಇದಕ್ಕಾಗಿಯೇ ಇರುವುದು.

ಇನ್ನು ಕಾರಣದ ಪ್ರಶ್ನೆ. ಕಬ್ಬಿಣದ ಮಾತ್ರೆಗಳನ್ನು ಸರ್ಕಾರವು ಶಾಲೆಗಳಲ್ಲಿಯೂ ಅಂಗನವಾಡಿಗಳಲ್ಲಿಯೂ ಉಚಿತವಾಗಿ ಹಂಚುತ್ತಿದೆ. ಹಾಗಿರುವಾಗ ಮಾತ್ರೆ ಕೊಳ್ಳಲು 3 ಲಕ್ಷ ಬೇಕೆಂದು ಬರೆದರೆ ಓದುವವರು ನಗುತ್ತಾರೆ. ವಿದ್ಯಾರ್ಥಿಗಳು ಹಳ್ಳಿಗೆ ಹೋಗಿ ಆಶಾ ಕಾರ್ಯಕರ್ತೆಯನ್ನೂ ತಾಯಂದಿರನ್ನೂ ಕೇಳಬೇಕು. ಮಾತ್ರೆ ನುಂಗಿದರೆ ಹೊಟ್ಟೆ ತೊಳಸುತ್ತದೆಂದು ಹುಡುಗಿಯರು ಬಿಸಾಡುತ್ತಿರಬಹುದು. ಊಟದ ಜೊತೆಯಲ್ಲೇ ಟೀ ಕುಡಿಯುವುದರಿಂದ ಆಹಾರದ ಕಬ್ಬಿಣವು ಮೈಗೆ ಹತ್ತದಿರಬಹುದು. ಬರಿಗಾಲಿನಲ್ಲಿ ಓಡಾಡುವ ಮಕ್ಕಳಿಗೆ ಕೊಕ್ಕೆಹುಳು ಅಂಟಿರಬಹುದು. ಕಾರಣವು ತಿಳಿದರೆ ಬೇಕಾದ ಹಣ 4 ಲಕ್ಷವಲ್ಲ, ಎರಡೇ ಲಕ್ಷ ಎಂದು ಕಂಡುಬಂದೀತು. ಆಗ ಎರಡನ್ನೇ ಕೇಳಬೇಕು.

ಕೊಡುವವರು ಯಾರು?

ಅರ್ಜಿಯನ್ನು ಹಿಡಿದು ಹೋಗಬಹುದಾದ ಬಾಗಿಲುಗಳು ಮುಖ್ಯವಾಗಿ ಮೂರು. ಮೊದಲನೆಯದು ಸರ್ಕಾರ. 2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನವಾಗಿ ಹುಟ್ಟಿ ಈಗ ರಾಷ್ಟ್ರೀಯ ಆರೋಗ್ಯ ಅಭಿಯಾನವಾಗಿರುವ ಯೋಜನೆಯಲ್ಲಿ ವೆಚ್ಚದ ನೂರಕ್ಕೆ 60 ಭಾಗವನ್ನು ಕೇಂದ್ರವೂ 40 ಭಾಗವನ್ನು ಕರ್ನಾಟಕವೂ ಭರಿಸುತ್ತವೆ. ಕಾರ್ಯಯೋಜನೆಯೆಂಬ ಹೆಸರಿನ ಅರ್ಜಿಯನ್ನು ರಾಜ್ಯವು ಕೇಂದ್ರಕ್ಕೆ ಒಪ್ಪಿಸಬೇಕು. ಸರ್ಕಾರವೂ ಅರ್ಜಿ ಬರೆಯುತ್ತದೆಂಬುದನ್ನು ನಮ್ಮಲ್ಲಿ ಅನೇಕರು ಅರಿಯರು. ಹಳ್ಳಿಯ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆಯ ಸಮಿತಿಗೆ ವರ್ಷಕ್ಕೆ 10,000 ರೂಪಾಯಿಯವರೆಗೆ ಬಿಡಿ ಹಣವೂ ಉಂಟು. ಹಳ್ಳಿಯವರು ಮೊದಲು ಕೇಳಬೇಕಾದುದು ಅದನ್ನೇ.

ಎರಡನೆಯದು ಉದ್ಯಮಗಳು. 2013ರ ಕಂಪನಿ ಕಾಯಿದೆಯ 135ನೆಯ ಸೆಕ್ಷನ್ನಿನ ಮೇರೆಗೆ ನಿವ್ವಳ ಲಾಭ 5 ಕೋಟಿ, ವಹಿವಾಟು 1,000 ಕೋಟಿ, ನಿವ್ವಳ ಆಸ್ತಿ 500 ಕೋಟಿ ರೂಪಾಯಿ—ಇವುಗಳಲ್ಲಿ ಯಾವುದೊಂದನ್ನು ಮುಟ್ಟಿದ ಕಂಪನಿಯೂ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ನೂರಕ್ಕೆ 2 ಭಾಗವನ್ನು ಸಮಾಜದ ಕೆಲಸಕ್ಕೆ ವೆಚ್ಚ ಮಾಡಬೇಕು. ಆರೋಗ್ಯವೂ ಆ ಪಟ್ಟಿಯಲ್ಲಿದೆ. ಮೂರನೆಯದು ಹೊರದೇಶದ ಸಂಸ್ಥೆಗಳು. ಅವುಗಳಿಂದ ಹಣ ಪಡೆಯಲು 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯಿದೆಯ ಪ್ರಕಾರ ನೋಂದಣಿ ಅಥವಾ ಪೂರ್ವಾನುಮತಿ ಬೇಕು. 2020ರ ತಿದ್ದುಪಡಿಯಾದಂದಿನಿಂದ ಆಡಳಿತದ ವೆಚ್ಚವು ನೂರಕ್ಕೆ 20ನ್ನು ಮೀರುವಂತಿಲ್ಲ. ಬಂದ ಹಣವನ್ನು ಮತ್ತೊಂದು ಸಂಸ್ಥೆಗೆ ವರ್ಗಾಯಿಸುವಂತೆಯೂ ಇಲ್ಲ. ದೊಡ್ಡ ಸಂಸ್ಥೆಯ ನೆರಳಿನಲ್ಲಿ ಹಳ್ಳಿಯ ಚಿಕ್ಕ ಸಂಘವು ಹಣ ಪಡೆಯುತ್ತಿದ್ದ ದಾರಿಯು ಇದರಿಂದ ಮುಚ್ಚಿದಂತಾಯಿತು.

ಹಣ ತೀರಿದ ಮೇಲೆ

ಐದನೆಯ ಪ್ರಶ್ನೆಯೇ ಎಲ್ಲಕ್ಕಿಂತ ಕಠಿಣವಾದುದು. ಮೂರು ವರ್ಷದ ಅನುದಾನದಲ್ಲಿ ಒಬ್ಬ ದಾದಿಯನ್ನು ನೇಮಿಸಿದೆವು. ಹಾಡಿಯ ತಾಯಂದಿರು ಅವಳನ್ನು ನಂಬಿದರು. ಮನೆಯ ಹೆರಿಗೆಯನ್ನು ಬಿಟ್ಟು ಆಸ್ಪತ್ರೆಗೆ ಬರತೊಡಗಿದರು. ನಾಲ್ಕನೆಯ ವರ್ಷ ಅವಳಿಗೆ ಸಂಬಳವಿಲ್ಲ, ಅವಳು ಹೊರಟುಹೋದಳು. ಆಗ ಊರು ಮೊದಲಿದ್ದ ಸ್ಥಿತಿಗೆ ಬರುವುದಿಲ್ಲ, ಅದಕ್ಕಿಂತ ಕೆಳಗೆ ಇಳಿಯುತ್ತದೆ. ಏಕೆಂದರೆ ಮುಂದೆ ಬರುವ ದಾದಿಯನ್ನು ಜನ ನಂಬುವುದಿಲ್ಲ.

ರಾಕ್‌ಫೆಲರ್ ಫೌಂಡೇಷನ್ನಿನ ಆರೋಗ್ಯ ವಿಭಾಗವು ಇದಕ್ಕೊಂದು ನಿಯಮವನ್ನು ಇಟ್ಟುಕೊಂಡಿದ್ದಿತು. ಕೆಲಸವನ್ನು ಮಾಡಿ ತೋರಿಸುವಷ್ಟು ಕಾಲ ಮಾತ್ರ ಹಣ. ವರ್ಷವರ್ಷವೂ ತನ್ನ ಪಾಲು ಇಳಿಯಬೇಕು, ಸರ್ಕಾರದ ಪಾಲು ಏರಬೇಕು. ಆವಾಹನ್ ಯೋಜನೆಯೂ ಹಾಗೆಯೇ 2009ರಿಂದ ಮೊದಲ್ಗೊಂಡು ಹಂತಹಂತವಾಗಿ ಸರ್ಕಾರದ ಕೈಗೆ ಸೇರಿತು. ಹಾಗೆ ಸೇರುವ ಮುನ್ನ ಅದರ ವೆಚ್ಚವನ್ನು ಸರ್ಕಾರದ ದರಗಳಿಗೆ ಹೊಂದಿಸಬೇಕಾಯಿತು. ಬಂಗಾರದ ತೊಟ್ಟಿಲಲ್ಲಿ ಬೆಳೆಸಿದ ಕೂಸನ್ನು ಬಡಮನೆ ಸಾಕಲಾರದು ಎಂಬ ಅರಿವು ಆರಂಭದಲ್ಲಿಯೇ ಇರಬೇಕು.

ಇನ್ನೊಂದು ದಾರಿಯನ್ನು ಯಳಂದೂರು ತಾಲೂಕು ತೋರಿಸಿತು. ಆಗ ಮೈಸೂರು ಜಿಲ್ಲೆಗೆ ಸೇರಿದ್ದ ಅಲ್ಲಿ ಕುಷ್ಠರೋಗದ ನಿವಾರಣೆಗೆಂದು 1986ರಲ್ಲಿ ಡಾ. ಎಚ್. ಸುದರ್ಶನರು ಕರುಣಾ ಟ್ರಸ್ಟನ್ನು ಸ್ಥಾಪಿಸಿದರು. ಹತ್ತು ವರ್ಷಗಳ ಬಳಿಕ, 1996ರಲ್ಲಿ, ಗುಂಬಳ್ಳಿಯ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ನಡೆಸುವ ಹೊಣೆಯನ್ನು ಸರ್ಕಾರವು ಆ ಟ್ರಸ್ಟಿಗೆ ಒಪ್ಪಿಸಿತು. ಕೇಂದ್ರವು ಸರ್ಕಾರದ್ದು, ವೆಚ್ಚದ ಬಹುಭಾಗವೂ ಸರ್ಕಾರದ್ದು. ನಡೆಸುವ ಶ್ರಮ ಮಾತ್ರ ಟ್ರಸ್ಟಿನದು. ಹೊಸ ಆಸ್ಪತ್ರೆಯನ್ನು ಕಟ್ಟಿ ಅದನ್ನು ಸಾಕಲು ವರ್ಷವರ್ಷವೂ ಕೈನೀಡುವುದಕ್ಕಿಂತ ಇರುವ ಆಸ್ಪತ್ರೆಯನ್ನು ಚೆನ್ನಾಗಿ ನಡೆಸುವುದು ಲೇಸೆಂಬ ವಿವೇಕವು ಅದರಲ್ಲಿದೆ.

ಎಲ್ಲ ಅರ್ಜಿಗಳಿಗೂ ಒಂದು ಅಪಾಯವುಂಟು. ಕೊಡುವವರಿಗೆ ಯಾವ ರೋಗದಲ್ಲಿ ಆಸಕ್ತಿಯೋ ಅದೇ ನಮ್ಮ ಊರಿನ ರೋಗವೆಂದು ಬರೆಯುವ ಚಪಲ ಹುಟ್ಟುತ್ತದೆ. ಈ ಚಪಲಕ್ಕೆ ಮದ್ದೆಂದರೆ ಊರಿನವರನ್ನು ಮೊದಲು ಕೇಳುವುದು. ಕೇಳಿದುದನ್ನು ಅಳೆದು ನೋಡುವುದು. ಯಾವ ಕಡೆಯಿಂದಲೂ ಹಣವು ಬಾರದಿರುವಾಗಲೂ ಅಳೆಯುವುದನ್ನು ಬಿಡಬಾರದು.

ಮಿಷನ್ ಆಸ್ಪತ್ರೆಯ ಪುಸ್ತಕಗಳನ್ನು ವಾಚಕರು ಮತ್ತೆ ನೆನೆಯಬೇಕು. ಒಂದು ತಕ್ಕಡಿ, ಒಂದು ಅಳತೆಯ ಪಟ್ಟಿ, ಒಂದು ಲೇಖನಿ. ಅದಕ್ಕೆ ಬೇಕಾದುದು ಇಷ್ಟೇ. ಇಂದು ಮಗುವನ್ನು ತೂಗಿ ಬರೆದಿಟ್ಟವರ ಪ್ರಾಮಾಣಿಕತೆಯು ಐವತ್ತು ವರ್ಷಗಳ ಮೇಲೆ ಮತ್ತೊಂದು ಪೀಳಿಗೆಯ ತಾಯಂದಿರಿಗಾಗಿ ಮಾತನಾಡಿತು. ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಈ ರಜದಲ್ಲಿ ತಮ್ಮ ಊರಿನ ಆರೋಗ್ಯ ಕೇಂದ್ರಕ್ಕೆ ಹೋಗಿ, ವೈದ್ಯಾಧಿಕಾರಿಗಳ ಅನುಮತಿಯನ್ನು ಪಡೆದು, ಕಳೆದ ಐದು ವರ್ಷಗಳಲ್ಲಿ ಊರಿನಲ್ಲಿ ಹುಟ್ಟಿದ ಮಕ್ಕಳಲ್ಲಿ ಎರಡೂವರೆ ಕಿಲೋಗ್ರಾಮಿಗಿಂತ ಕಡಮೆ ತೂಗಿದವರು ನೂರಕ್ಕೆ ಎಷ್ಟೆಂದು ಎಣಿಸಿಕೊಂಡು ಬರಲಿ. ಹೆಸರುಗಳು ಬೇಡ, ಅಂಕಿಗಳು ಸಾಕು. ಆ ಒಂದು ಹಾಳೆಯೇ ಊರಿನ ಮೊದಲ ಅರ್ಜಿಯಾಗಬಲ್ಲುದು.